ಪದ್ಯ ಬಂದಾಗ ಹೋಗುವ ನೆಟ್

ಮಂಗಳವಾರ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಶೈಲಜಾಳ ಮನೆಯ ನೆಟ್ ಮತ್ತೆ ಸತ್ತಿತು.

ಷಟ್ಪದಿಯ ಮೂರನೆಯ ಸಾಲಿನಲ್ಲಿದ್ದಳು. ಕಂಪ್ಯೂಟರಿನ ಪರದೆಯ ಮೇಲೆ ಹದಿನೆಂಟು ಮಕ್ಕಳ ಮುಖಗಳು ಇದ್ದಲ್ಲೇ ಕಲ್ಲಾದವು. ಒಬ್ಬನ ಬಾಯಿ ಆಕಳಿಕೆಯಲ್ಲೇ ನಿಂತಿತು. ಆಮೇಲೆ ಮುಖಗಳೂ ಹೋದವು.

ಮೊಬೈಲು ಗುಂಯ್‌ಗುಟ್ಟಿತು. ಪಾಠ ನಡೆಸುವ ಸಂಸ್ಥೆಯ ಸಂದೇಶ: 'ಎರಡು ವಾರದಲ್ಲಿ ಇದು ನಾಲ್ಕನೆಯ ಸಲ. ಗುರುವಾರವೂ ಹೀಗಾದರೆ ತರಗತಿಯನ್ನು ಬೇರೆಯವರಿಗೆ ಕೊಡುತ್ತೇವೆ.'

ಮುರಗೋಡದಲ್ಲಿ ಕುಳಿತು ಹಳೆಯ ಕಾವ್ಯ ಕಲಿಸುವ ಕೆಲಸ ಇನ್ನೊಂದು ಸಿಗುವಂತಿರಲಿಲ್ಲ. ಶೈಲಜಾ ಕಿಟಕಿಗೆ ಓಡಿದಳು. ಪಕ್ಕದ ಮನೆಯ ಕಟ್ಟೆಯ ಮೇಲೆ ಮಲಕಾಜಪ್ಪ ಮೊಬೈಲಿನಲ್ಲಿ ಬಯಲಾಟ ನೋಡುತ್ತ ಕುಳಿತಿದ್ದ.

"ಕಾಕಾ, ನಮ್ಮ ನೆಟ್ ಕದಿಯೂದ ಬಿಡ್ರಿ! ನಿಮ್ಮ ಆಟದ ಸಂಬಂಧ ನನ್ನ ಕೆಲಸ ಹೊಂಟೈತಿ!"

ಮಲಕಾಜಪ್ಪ ಕನ್ನಡಕ ಮೇಲೇರಿಸಿದ. "ನಿಮ್ಮ ಬಾವ್ಯಾಗಿನ ನೀರೂ ಕೇಳಿ ತಗೊಂಡಾಂವ ನಾನು, ಯವ್ವಾ," ಎಂದವನೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

*

ಬುಧವಾರ ಬೈಲಹೊಂಗಲದಿಂದ ಭಾಗೀರಥಿ ಬಂದಳು. ಶೈಲಜಾಳ ಚಿಗವ್ವ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಕಳೆದವಳು. ತಂತಿಯೊಳಗಿನ ಕರಕರ ಕೇಳಿಯೇ ಕೆಟ್ಟದ್ದೆಲ್ಲಿ ಎಂದು ಹೇಳುತ್ತಿದ್ದಳಂತೆ.

ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತಿದ್ದ ಶೈಲಜಾಳ ಅತ್ತೆ ರಾಚವ್ವ ನಕ್ಕಳು. "ಬರ್ರಿ ಬೀಗಿತ್ಯಾರ. ಡಬ್ಬಿಗೆ ಜಡ್ಡ ಬಂದ್ರ ಓಡಿ ಬರ್ತೀರಿ. ನನ್ನ ಮೊಣಕಾಲಿಗೆ ಬಂದಾಗ ಒಮ್ಮೆನೂ ಬರಲಿಲ್ಲ."

"ಮೊಣಕಾಲ ರಿಪೇರಿ ನನಗ ಬರಂಗಿಲ್ಲರಿ," ಎಂದಳು ಭಾಗೀರಥಿ.

ಪಡಸಾಲೆಯ ಗೋಡೆಯ ಗೂಡಿನಲ್ಲಿ ರೂಟರು ಇತ್ತು. ಹಸಿರು ದೀಪಗಳು ಮಿನುಗುತ್ತಿದ್ದವು. ಶೈಲಜಾ ನಿನ್ನೆ ಮಲಕಾಜಪ್ಪನ ಮೇಲೆ ರೇಗಿದ್ದರ ತನಕ ಎಲ್ಲವನ್ನೂ ಹೇಳಿದಳು.

"ನೆಟ್ ಹೋದಾಗ ಈ ದೀಪ ಆರತಾವೇನು?" ಎಂದಳು ಭಾಗೀರಥಿ.

"ಇಲ್ಲ, ಹಿಂಗ ಇರತಾವ."

"ಅಂದ್ರ ಊರಿಂದ ಮನೀತನಕ ಬಂದೈತಿ. ಕಳುವಾಗಿದ್ದು ಮನ್ಯಾಗ. ಪಾಸ್‌ವರ್ಡ್ ಬದಲ ಮಾಡಿದ್ದೇನು?"

"ಹೋದ ವಾರನ ಮಾಡೇನಿ. ಯಾರಿಗೂ ಹೇಳಿಲ್ಲ."

"ಆದ್ರೂ ನಿನ್ನೆ ಹೋತು. ಹಂಗಾರ ನಿಮ್ಮ ಮಲಕಾಜಪ್ಪ ಕಳ್ಳ ಅಲ್ಲ."

ಶೈಲಜಾಳ ಮುಖ ಸಣ್ಣದಾಯಿತು.

"ಯಾವ್ಯಾವ ದಿನ ಹೋಗತೈತಿ?"

"ಮಂಗಳವಾರ, ಗುರುವಾರ. ಸೋಮವಾರ, ಶುಕ್ರವಾರ ಒಮ್ಮೆನೂ ಹೋಗಿಲ್ಲ."

"ಆ ದಿನ ಏನ ಕಲಸ್ತಿ?"

"ವ್ಯಾಕರಣ. ಮಂಗಳವಾರ, ಗುರುವಾರ ಪದ್ಯ."

ಪಾಠದ ಕೋಣೆಗೆ ಹೋಗಿ, ಕಂಪ್ಯೂಟರಿನಲ್ಲಿ ಧ್ವನಿ ಮುದ್ರಿಸಿಟ್ಟಿದ್ದ ನಾಲ್ಕೂ ಪದ್ಯದ ಪಾಠಗಳನ್ನು ಭಾಗೀರಥಿ ಕಣ್ಣು ಮುಚ್ಚಿ ಕೇಳಿದಳು. ಮೊದಲು ಶೈಲಜಾಳ ರಾಗ. ನಡುವೆ ಎಲ್ಲೋ ದೂರದಲ್ಲಿ ಕಿರ್ರ್ ಎಂಬ ಸದ್ದು. ಅದರ ಬೆನ್ನಿಗೇ ಮಕ್ಕಳ ದನಿ ಕಡಿದುಹೋಗುತ್ತಿತ್ತು. ನಾಲ್ಕೂ ಸಲ ಹಾಗೆಯೇ.

ಆಕೆ ಎದ್ದು ಗೋಡೆಯನ್ನು ಮೊಳ ಹಾಕಿ ಅಳೆದಳು. ಕಲ್ಲಿನ ಗೋಡೆ, ಎರಡು ಮೊಳ ದಪ್ಪ. ಕೋಣೆಗೆ ಒಂದೇ ಬಾಗಿಲು. ಅದರ ಆಚೆ, ಪಡಸಾಲೆಯ ಬದಿಗೆ, ಆಳೆತ್ತರದ ಕಬ್ಬಿಣದ ತಿಜೋರಿ.

"ಪಾಠದಾಗ ನಿಮ್ಮತ್ತಿ ಏನ ಮಾಡತಾರ?" ಎಂದು ದನಿ ತಗ್ಗಿಸಿ ಕೇಳಿದಳು.

"ತಿಜೋರ್‍ಯಾಗಿನ ಸೀರಿ ಮಡಚತಾರ. ಈಗೀಗ ಭಾಳ ಮಡಚತಾರ. ನನ್ನ ಪಾಠ ಅವರಿಗೆ ಸೇರಂಗಿಲ್ಲ ಚಿಗವ್ವ. 'ಪದ್ಯ ಅಂದ್ರ ಎದುರು ಮಂದಿ ಕುಂದ್ರಬೇಕು, ಡಬ್ಬಿಗೆ ಯಾಕ ಓದತಿ' ಅಂದ್ರು. ಅವತ್ತಿಂದ ಈ ಖೋಲಿಗೆ ಕಾಲಿಟ್ಟಿಲ್ಲ."

ಭಾಗೀರಥಿ ಮೆಲ್ಲಗೆ ನಕ್ಕಳು. "ಒಂದು ಪದ್ಯ ಓದು. ಗಟ್ಟಿಯಾಗಿ. ಕಡೀ ಸಾಲ ಮಾತ್ರ ಓದಬ್ಯಾಡ."

*

ಶೈಲಜಾ ರಾಗ ತೆಗೆದಳು. ಎರಡನೆಯ ಸಾಲಿಗೆ ಹೊರಗೆ ಕಿರ್ರ್ ಎಂದಿತು. ಬಾಗಿಲಿನ ಬೆಳಕು ಕುಗ್ಗಿತು. ಪರದೆಯ ಮೂಲೆಯಲ್ಲಿದ್ದ ನೆಟ್ಟಿನ ಗೆರೆಗಳು ಒಂದೊಂದಾಗಿ ಆರಿದವು. ಏಳಲು ಹೋದವಳ ಕೈಯನ್ನು ಚಿಗವ್ವ ಒತ್ತಿ ಹಿಡಿದಳು.

ಐದನೆಯ ಸಾಲು ಮುಗಿಯಿತು. ಶೈಲಜಾ ನಿಲ್ಲಿಸಿದಳು.

ಗೋಡೆಯ ಗಡಿಯಾರ ಟಿಕ್ ಟಿಕ್ ಎಂದಿತು. ಹೊರಗೆ ಯಾರೋ ಗಂಟಲು ಸರಿ ಮಾಡಿಕೊಂಡರು.

ಆಮೇಲೆ ಕಬ್ಬಿಣದ ಆಚೆಯಿಂದ ಆರನೆಯ ಸಾಲು ಬಂತು. ಮುಪ್ಪಿನ ದನಿ. ಪೂರಾ ರಾಗ. ಒಂದಕ್ಷರ ತಪ್ಪಲಿಲ್ಲ.

ಭಾಗೀರಥಿ ಹೋಗಿ ತಿಜೋರಿಯ ಬಾಗಿಲನ್ನು ಸರಿಸಿದಳು. ಹಿಂದೆ ಮಣೆಯ ಮೇಲೆ ರಾಚವ್ವ. ತೊಡೆಯ ತುಂಬ ಸೀರೆ.

"ಪದ್ಯಾನ ಯಾರರ ನಡಬರಕ ಬಿಡತಾರೇನು?" ಎಂದು ಸಿಕ್ಕಿಬಿದ್ದವಳೇ ಗದರಿದಳು.

ಭಾಗೀರಥಿ ಪಕ್ಕದಲ್ಲೇ ಕುಳಿತಳು. "ಗೋಡಿ ದಾಟಿ ನೆಟ್ ಬರಂಗಿಲ್ಲರಿ. ಖೋಲಿಗೆ ಬರೂದು ಈ ಬಾಗಲದಿಂದ ಅಷ್ಟ. ನೀವು ತಿಜೋರಿ ತೆಗದ್ರ ಅದರ ಬಾಗಲಾ ಪೂರಾ ಅಡ್ಡ ಬೀಳತೈತಿ. ಕಿರ್ರ್ ಅಂದದ್ದು ಅದ. ಆದ್ರ ಪದ್ಯದ ದಿನ ಅಷ್ಟ ಯಾಕ? ಯಂತ್ರಕ್ಕ ಪದ್ಯ ಯಾವುದು, ವ್ಯಾಕರಣ ಯಾವುದು ತಿಳಿಯಂಗಿಲ್ಲ. ಮನಶ್ಯಾರಿಗೆ ತಿಳಿತೈತಿ. ಪದ್ಯಕ್ಕ ಕಿವಿ ಕೊಟ್ಟು ಕುಂತಾವರು ಯಾರೋ ಅದಾರ, ಅದನ್ನ ಮುಚ್ಚಿಡಾಕತ್ತಾರ ಅಂತ ಗೊತ್ತಾತು."

ರಾಚವ್ವ ಸೆರಗು ತಿದ್ದಿಕೊಂಡಳು. "ಮೊಣಕಾಲ ಹಿಡದ ಮ್ಯಾಲ ಪುರಾಣ ಕೇಳಾಕ ಮಠಕ್ಕ ಹೋಗಾಕ ಆಗವಲ್ದು. ಇಲ್ಲಿ ಮನ್ಯಾಗ ಕೇಳಿಸ್ತು. ಅಂಥಾ ಮಾತ ಆಡಿದಾಕಿ, ಯಾವ ಮಾರಿಲೆ ಒಳಗ ಬಂದು ಕುಂದ್ರಲಿ?"

ಶೈಲಜಾ ಅತ್ತೆಯ ತೊಡೆಯ ಮೇಲಿನ ಸೀರೆಗಳನ್ನು ಎತ್ತಿ ಒಳಗಿಟ್ಟಳು.

"ಮೊದಲ ಕಾಕಾನ್ನ ಕರಕೊಂಡ ಬಾ," ಎಂದಳು ಭಾಗೀರಥಿ.

ಮಲಕಾಜಪ್ಪ ಬಂದ. ಬಟ್ಟಲು ಹಿಡಿದು, "ಕಳ್ಳಗ ಚಾ ಕೊಡಾಕತ್ತಿ, ಸಕ್ಕರಿ ಹಾಕೀಯಿಲ್ಲ?" ಎಂದ.

"ಎರಡು ಚಮಚ ಹಾಕೇನ್ರಿ ಕಾಕಾ. ತಪ್ಪಾತು."

*

ಗುರುವಾರ ನಾಲ್ಕು ಗಂಟೆ. ಕಂಪ್ಯೂಟರಿನ ಪಕ್ಕಕ್ಕೆ ಕಂಬಳಿ ಹಾಸಿತ್ತು.

ಶೈಲಜಾ ಹಾಜರಿ ಕರೆದಳು. ಹದಿನೆಂಟು ಹೆಸರು, ಹದಿನೆಂಟು ಉತ್ತರ. ಪಟ್ಟಿ ಮುಗಿದ ಮೇಲೂ ತಲೆ ಎತ್ತಲಿಲ್ಲ.

"ರಾಚವ್ವ?"

"ಇಲ್ಲೇ ಅದೇನಿ," ಎಂದಿತು ಪಕ್ಕದ ದನಿ. "ತಿಜೋರಿ ಹಾಕಿ ಬಂದೇನಿ. ಓದವಾ."