ಹೆಡ್‌ಸೆಟ್ಟಿಗೊಂದು ಮೆತ್ತೆ

“ಎಷ್ಟ್ ಸಲ ಹೇಳೂದು? ನಿನ್ನ ತಲೀಗೆ ಇದು ಕುಂದ್ರೂದಿಲ್ಲ!” ಎಂದು ವೀರೇಂದ್ರ ವಿಆರ್ ಹೆಡ್‌ಸೆಟ್ಟನ್ನು ತಂಗಿ ಗಂಗಾಳ ಮುಖದಿಂದ ಕಿತ್ತುಕೊಂಡ.

ಪುಂಡಲೀಕ ಮಾಮಾ ರಾಣೆಬೆನ್ನೂರಿನಿಂದ ಟಿವಿ ಗೇಮಿನ ಜೊತೆ ಅದನ್ನು ತಂದುಕೊಟ್ಟು ವಾರವಾಗಿತ್ತು. ಅಷ್ಟೂ ದಿನ ಅಣ್ಣ ಕಾರ್ ರೇಸ್ ಓಡಿಸಿದ್ದೇ ಓಡಿಸಿದ್ದು. ಐದನೇ ಕ್ಲಾಸಿನ ಗಂಗಾ ಹಾಕಿಕೊಂಡರೆ ಮಾತ್ರ ಅದು ಮೂಗಿನ ಮೇಲೆ ಜಾರುತ್ತಿತ್ತು. ಸಂದಿಯಿಂದ ಬೆಳಕು ನುಗ್ಗಿ ರಸ್ತೆಯೆಲ್ಲ ಮಸುಕಾಗುತ್ತಿತ್ತು.

“ಸರಿಯಾಗಿ ಕುಂತ್ರ ನನಗೂ ಪಾಳಿ ಕೊಡ್ತಿಯೇನು?”

“ಕುಂತ್ರ ಕೊಡ್ತೇನಿ,” ಎಂದ ಅಣ್ಣ, ದೊಡ್ಡ ದಾನಶೂರನಂತೆ.

ಸರಿ, ಗಂಗಾ ಇಂಜಿನಿಯರ್ ಆದಳು. ಸಂದಿ ಮುಚ್ಚಲು ಮೆತ್ತನೆಯ ಬಟ್ಟೆ ಬೇಕಿತ್ತು. ಹಿತ್ತಲ ಬಾಗಿಲ ಮೊಳೆಗೆ ಹಳೇ ಸೀರೆಯ ತುಂಡೊಂದು ತೂಗುತ್ತಿತ್ತು. ಅದನ್ನು ಮಡಚಿ ಹೆಡ್‌ಸೆಟ್ಟಿನ ಒಳ ಅಂಚಿಗೆ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿದಳು.

“ಟೆಸ್ಟಿಂಗ್ ಮೊದಲ ನಾನು ಮಾಡಬೇಕು. ರೂಲ್ಸ್ ಐತಿ,” ಎಂದು ಅಣ್ಣ ಕಸಿದುಕೊಂಡ. “ಏ, ಬೆಳಕು ಒಂದೀಟೂ ಬರವಲ್ದು! ಮಸ್ತ್ ಆಗೇತಿ!”

ಮೊದಲ ತಿರುವನ್ನು ಗಾಳಿಯಂತೆ ದಾಟಿದ. ಮುಂದಿನ ತಿರುವಿನಲ್ಲಿ “ಅಯ್ಯಯ್ಯೋ, ಕಣ್ಣು!” ಎಂದು ಹೆಡ್‌ಸೆಟ್ ಕಿತ್ತೆಸೆದು ಬಚ್ಚಲಿಗೆ ಓಡಿದ. ಹೊರಬಂದಾಗ ಕಣ್ಣ ಸುತ್ತ ಕೆಂಪು ಕನ್ನಡಕ ಹಾಕಿದಂತಿತ್ತು.

ಗಂಗಾ ಸುತ್ತಿದ್ದು ಅಜ್ಜಿ ಫಕ್ಕೀರವ್ವ ಮೆಣಸಿನಕಾಯಿ ತೊಟ್ಟು ಬಿಡಿಸುವಾಗ ಮುಖಕ್ಕೆ ಕಟ್ಟಿಕೊಳ್ಳುವ ಬಟ್ಟೆ! ‘ಬ್ಯಾಡಗಿ ಕಾಯಿ ಬಣ್ಣ ಭಾಳ, ಖಾರ ಕಮ್ಮಿ’ ಎಂದು ಬಂದವರ ಮುಂದೆಲ್ಲ ಜಂಭ ಕೊಚ್ಚುತ್ತಿದ್ದವನು ಇದೇ ಅಣ್ಣ. ಗಂಗಾಳಿಗೆ ನಗು ತಡೆಯಲಾಗಲಿಲ್ಲ.

“ನನ್ನ ಅರಿವಿ ಎಲ್ಲಿ ಹೋತವ್ವಾ?” ಎನ್ನುತ್ತ ಅಜ್ಜಿ ಬಂದಳು. ಗಂಗಾ ಬಿಚ್ಚಿ ಕೊಟ್ಟಳು. ಅಜ್ಜಿ ಅದನ್ನು ಒಮ್ಮೆ ಝಾಡಿಸಿ, ಮೂಗುಬಾಯಿಗೆ ಕಟ್ಟಿಕೊಂಡು, ಅಂಗಳದ ಕಾಯಿ ರಾಶಿಯ ಮುಂದೆ ಕೂತಳು.

“ಉರಿಯಂಗಿಲ್ಲೇನು ಅಜ್ಜಿ?”

“ಉರೀತೈತಿ. ಬಿಚ್ಚಿದ್ರ ಮತ್ತಷ್ಟು ಉರೀತೈತಿ. ಏನ್ ಮಾಡೂದು, ರೂಢಿ ಆಗೇತಿ.”

ಗಂಗಾಳ ನಗು ನಿಂತಿತು. ಬಟ್ಟೆ ಕಟ್ಟಿದ್ದರೂ ಅಜ್ಜಿಯ ಮೂಗಿನ ಎರಡೂ ಬದಿಗೆ ಸಂದಿ ಕಾಣುತ್ತಿತ್ತು. ಇಷ್ಟು ದಿನ ಅದು ಕಣ್ಣಿಗೇ ಬಿದ್ದಿರಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಎದ್ದು ಒಳಗೆ ಹೋಗಿ ತನ್ನ ಒಗೆದಿಟ್ಟ ಹತ್ತಿಯ ಓಢಣಿ ತಂದಳು.

“ಗಂಗಾ, ಲಗೂ ಬಾ! ಇನ್ನ ನೀನ ಆಡು, ನನಗ ಬ್ಯಾಡ!” ಅಣ್ಣ ಒಳಗಿನಿಂದ ಕೂಗಿದ.

ಗಂಗಾ ಓಢಣಿಯನ್ನು ಅಜ್ಜಿಯ ಮೂಗಿನ ಅಳತೆಗೆ ಮಡಚುತ್ತಿದ್ದಳು.

“ತಡಿ ಅಣ್ಣಾ, ಮೊದಲ ಅಜ್ಜೀದು ಆಗ್ಲಿ.”