ಚೀಟಿಯ ಹಿಂಬದಿ

"ಅಲ್ಲೇ ನಿಲ್ಲಿ! ಒಂದು ಹೆಜ್ಜೆ ಮುಂದೆ ಬಂದ್ರೆ ನೋಡಿ!"

ಬಾಗಿಲಲ್ಲಿದ್ದವನು ಎತ್ತಿದ ಕಾಲನ್ನು ಹಾಗೇ ಹಿಂದಕ್ಕಿಟ್ಟ.

ಒಳಗೆ ಬೂದಿ ಮುಚ್ಚಿದ ಕೆಂಡದ ಮೇಲೆ ಐದು ಬಿದಿರಿನ ಬುಟ್ಟಿಗಳು. ಬುಟ್ಟಿಗಳಲ್ಲಿ ಮುದುಡಿ ಮಲಗಿದ ಊಲಾಂಗ್ ಟೀ ಎಲೆ. ನಡುವೆ, ಹಣೆಯ ಬೆವರನ್ನು ಮೊಣಕೈಯಿಂದ ಒರೆಸಿಕೊಳ್ಳುತ್ತ ಅವಳು.

"ಟೀ ಕೊಳ್ಳೋಕೆ ಬಂದೆ..."

"ಮೈಗೆ ಸೆಂಟ್ ಹಾಕ್ಕೊಂಡು ಬರೋದಾ? ಎಲೆ ವಾಸನೆ ಹೀರ್ಕೊಳ್ಳುತ್ತೆ ಸ್ವಾಮಿ. ಆಮೇಲೆ ಊರವರೆಲ್ಲ ನಿಮ್ಮನ್ನೇ ಕುದಿಸಿ ಕುಡಿದ ಹಾಗಾಗುತ್ತೆ!"

ಒಳಕೋಣೆಯಲ್ಲಿ ಎಲೆಯ ಕಡ್ಡಿ ಹೆಕ್ಕುತ್ತಿದ್ದ ಸೋದರತ್ತೆ ಕಿಸಕ್ಕನೆ ನಕ್ಕರು. ಅವನ ಕಿವಿ ಕೆಂಪಾಯಿತು. ತಿರುಗಿ ಹೋದ.

ಅಯ್ಯೋ, ಗಿರಾಕಿಯನ್ನೇ ಓಡಿಸಿಬಿಟ್ಟೆನಾ...

ಮರುದಿನ ಬೆಳಿಗ್ಗೆ ಅದೇ ಬಾಗಿಲು, ಅದೇ ಮುಖ.

"ಸೋಪೂ ಹಾಕಿಲ್ಲ. ಈಗ ಬರಬಹುದಾ?"

ಅವಳಿಗೆ ನಗು ತಡೆಯಲಾಗಲಿಲ್ಲ.

ಅವನು ಟೀಯನ್ನು ಕೊಂಡು ಮಾರಿಬಿಡುವ ವ್ಯಾಪಾರಿಯಲ್ಲ. ಮಣ್ಣಿನ ಜಾಡಿಗಳಲ್ಲಿ ತುಂಬಿ, ಹತ್ತು ಹದಿನೈದು ವರ್ಷ ಹಳೆಯದಾಗಿಸಿ ಕೊಡುವವನು. ಅಷ್ಟು ವರ್ಷದಲ್ಲಿ ಟೀ ತೇವ ಹಿಡಿಯುತ್ತದೆ. ಆಗಾಗ ಬೆಂಕಿ ತೋರಿಸಬೇಕು. ಅದಕ್ಕೇ ಅವನಿಗೆ ಅವಳ ಕೈ ಬೇಕಿತ್ತು. ಅತ್ತೆ ಅವನಿಗೆ "ಜಾಡಿ ಸಾಹೇಬ" ಎಂದು ಹೆಸರಿಟ್ಟರು.

ವರ್ಷಕ್ಕೊಮ್ಮೆ ಬೆಂಕಿ ಕಾಣಬೇಕಾದ ಅವನ ಟೀ ಅದೇಕೋ ತಿಂಗಳಿಗೊಮ್ಮೆ ತೇವ ಹಿಡಿಯತೊಡಗಿತು!

ಅವನು ಬಂದ ದಿನ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಕಿಟಕಿಯ ಬಿಸಿಲುಕೋಲು ಬುಟ್ಟಿಯಿಂದ ಬುಟ್ಟಿಗೆ ಜಾರುತ್ತಿತ್ತು. ಹುರಿದ ಎಲೆಯ ಘಮ ಮಂಜಿನಂತೆ ಕೋಣೆ ತುಂಬುತ್ತಿತ್ತು. ಇಬ್ಬರೂ ಒಂದೇ ಮಣೆಯ ಆಚೀಚೆ ಕೂತು, ಒಂದೇ ಪಾತ್ರೆಯಿಂದ ಎರಡು ಪುಟ್ಟ ಬಟ್ಟಲಿಗೆ ಬಗ್ಗಿಸಿ, ಕಣ್ಣು ಮುಚ್ಚಿ ಗುಟುಕರಿಸುತ್ತಿದ್ದರು. ಅವಳು ಮಾತ್ರ ಒಂದು ಕಣ್ಣು ತುಸು ತೆರೆದಿರುತ್ತಿದ್ದಳು. ಈ ಮನುಷ್ಯ ಕಣ್ಣು ಮುಚ್ಚಿದಾಗ ಎಷ್ಟು ಚೆನ್ನಾಗಿ ಕಾಣ್ತಾನೆ...

ಎರಡು ವರ್ಷ ಹೀಗೇ ಕಳೆಯಿತು. ಇಬ್ಬರೂ ಟೀ ಬಿಟ್ಟು ಬೇರೆ ಮಾತಾಡಲಿಲ್ಲ.

"ಒಳ್ಳೆ ಕಡೆ ಸಂಬಂಧ ಬಂದಿದೆ ಕಣೇ," ಅತ್ತೆ ಒಂದು ಸಂಜೆ ಅಂದರು. "ಮನಸಲ್ಲಿ ಬೇರೆ ಯಾರಾದ್ರೂ ಇದ್ರೆ ಈಗಲೇ ಬಾಯಿ ಬಿಡು. ಆಮೇಲೆ ಅತ್ರೆ ನಾನು ಕೇಳೋಳಲ್ಲ."

ಬಾಯಿ ಬಿಡಲಾಗಲಿಲ್ಲ. ಆದರೆ ಅಂದು ಅವನಿಗೆ ಕಳಿಸಬೇಕಿದ್ದ ಟೀ ಪೊಟ್ಟಣದ ಚೀಟಿಯಲ್ಲಿ, ಎಂದಿನಂತೆ ಹುರಿದ ಲೆಕ್ಕವನ್ನು 'ಮೂರನೇ ಸುತ್ತು, ಹನ್ನೆರಡು ಗಂಟೆ' ಎಂದು ಬರೆದವಳು ಚೀಟಿಯನ್ನು ತಿರುಗಿಸಿದಳು. ಹಿಂಬದಿಯಲ್ಲಿ ಬರೆದಳು:

'ನನಗೆ ಗಂಡು ನೋಡುತ್ತಿದ್ದಾರೆ. ನಿಮಗೆ ನನ್ನ ಮೇಲೆ ಮನಸ್ಸಿದ್ದರೆ ಹೇಳಿ. ಕಾಯುತ್ತೇನೆ.'

ಮೂರನೆಯ ದಿನ ಮೊಬೈಲಿಗೆ ಉತ್ತರ ಬಂತು.

'ಚೀಟಿ ನೋಡಿದೆ. ಬಿಸಿ ಜಾಸ್ತಿಯಾಗಿದೆ. ಆರಲಿ. ಮೂರು ತಿಂಗಳು ಬಿಟ್ಟು ನೋಡೋಣ.'

ಹೊಸದಾಗಿ ಹುರಿದ ಟೀಗೆ ಬೆಂಕಿಯ ಘಾಟಿರುತ್ತದೆ. ಅದು ಇಳಿಯಲೆಂದು ಮುಚ್ಚಿಡುವಾಗ ಈ ಕಸುಬಿನವರು 'ಆರಲಿ' ಎನ್ನುತ್ತಾರೆ. ದಿನಕ್ಕೆ ಹತ್ತು ಸಲ ಅವಳೇ ಅನ್ನುವ ಮಾತು. ಆದರೆ ಪ್ರೀತಿಸಿದವರ ಕಿವಿಯಲ್ಲಿ ಯಾವ ಮಾತು ನೆಟ್ಟಗೆ ಬೀಳುತ್ತದೆ ಹೇಳಿ?

ನನ್ನದು ಬಿಸಿಯಂತೆ... ಆರಬೇಕಂತೆ!

ಅಂದು ಮೊದಲ ಬಾರಿಗೆ ಅವಳ ಕೈಯಲ್ಲಿ ಒಂದು ಬುಟ್ಟಿ ಟೀ ಸೀದು ಕರಕಲಾಯಿತು. ಅವನ ಮುಂದಿನ ಮೆಸೇಜುಗಳಿಗೆಲ್ಲ 'ಸರಿ' ಎಂದಷ್ಟೇ ಬರೆದಳು. ಆ ಟೀ ಆರುವವರೆಗೆ ಬರಲು ಅವನಿಗೂ ನೆಪವಿರಲಿಲ್ಲ. ದಿನಗಳು ಅರೆನಿದ್ದೆಯಂತೆ ಕಳೆದವು. ಕೊನೆಗೆ ಒಂದು ದಿನ ತಾನೇ ಅತ್ತೆಗೆ ಹೇಳಿದಳು: "ಅವರು ಬಂದು ನೋಡ್ಕೊಂಡು ಹೋಗಲಿ."

ಸರಿಯಾಗಿ ಮೂರು ತಿಂಗಳಿಗೆ, ಮಗುವನ್ನು ಎತ್ತಿಕೊಂಡಂತೆ ಜಾಡಿಯೊಂದನ್ನು ಎದೆಗವಚಿಕೊಂಡು ಅವನು ಬಂದ.

"ಘಾಟೆಲ್ಲ ಇಳಿದಿದೆ ನೋಡಿ! ಇಂಥ ಟೀ ನಾನು..." ಅವಳ ಮುಖ ಕಂಡು ನಿಲ್ಲಿಸಿದ. "ಏನಾಯ್ತು?"

"ನಾಳೆ ನನ್ನ ನೋಡೋಕೆ ಬರ್ತಾರೆ. ಗಂಡಿನ ಕಡೆಯವರು."

ಅವನು ಜಾಡಿಯನ್ನು ನೆಲಕ್ಕಿಟ್ಟು, ಪಕ್ಕದಲ್ಲೇ ಕುಸಿದು ಕೂತ.

"ನನಗೆ... ಒಂದು ಮಾತು ಹೇಳಬೇಕು ಅನ್ನಿಸಲಿಲ್ವಾ?"

"ಹೇಳಿದ್ನಲ್ಲ! 'ಆರಲಿ' ಅಂದ್ರಲ್ಲ ನೀವು!"

"ಅದು ಟೀಗೆ ಅಂದಿದ್ದು ಕಣ್ರೀ!"

"ಚೀಟಿ ನೋಡಿದೆ ಅಂತ ಬರೆದಿದ್ರಿ."

"ನೋಡಿದೆ. ಮೂರನೇ ಸುತ್ತು, ಹನ್ನೆರಡು ಗಂಟೆ."

"ಹಿಂದೆ?"

"ಹಿಂದೆ... ಗೋಂದು ಹಚ್ಚಿದೆ."

ಇಬ್ಬರೂ ಜಾಡಿಯತ್ತ ನೋಡಿದರು. ಒಂದು ಸುಕ್ಕಿಲ್ಲದಂತೆ, ಅಂಚು ಸೊಟ್ಟಗಾಗದಂತೆ ಚೀಟಿ ಅಂಟಿತ್ತು. ಯಾವ ವರ್ಷದ ಟೀ, ಎಷ್ಟು ಹುರಿದದ್ದು ಎಂದು ಮರೆಯದಿರಲು ಜಾಡಿಗೆ ಚೀಟಿ ಅಂಟಿಸುವುದು ಅವನ ಪದ್ಧತಿ. ಅವಳ ಮನಸ್ಸನ್ನೂ ಅದರೊಟ್ಟಿಗೆ ಅಂಟಿಸಿಬಿಟ್ಟಿದ್ದ!

ಒದ್ದೆ ಬಟ್ಟೆ ಒತ್ತಿ ಹಿಡಿದು ಮೆಲ್ಲಗೆ ಬಿಡಿಸಿದ. ಹಿಂಬದಿಯ ಶಾಯಿ ಗೋಂದಿನಲ್ಲಿ ಕರಗಿ ನೀಲಿ ಮೋಡವಾಗಿತ್ತು.

"ಏನೂ ಕಾಣ್ತಿಲ್ಲ. ನೀವೇ ಹೇಳಿ."

"ಬರೆದದ್ದೇ ಹೆಚ್ಚು. ಬಾಯಲ್ಲಿ ಹೇಗೆ ಹೇಳೋದು..."

"ಹೇಳದಿದ್ರೆ ನಾಳೆ ಅವರು ಬಂದ್ಬಿಡ್ತಾರೆ."

ಒಂದು ಕೆಂಡವನ್ನು ಅಂಗೈಯಲ್ಲಿ ಹಿಡಿ ಎಂದಿದ್ದರೆ ಅದೇ ಸುಲಭವಿತ್ತು. ಅವಳು ಕಣ್ಣು ಮುಚ್ಚಿದಳು.

"ನಿಮಗೆ ನನ್ನ ಮೇಲೆ ಮನಸ್ಸಿದೆಯಾ ಅಂತ ಕೇಳಿದ್ದೆ. ಕಾಯ್ತೀನಿ ಅಂದಿದ್ದೆ."

"ಎರಡು ವರ್ಷದಿಂದ ಅದನ್ನೇ ಕೇಳೋಣ ಅಂತ ಬರ್ತೀನಿ," ಅವನ ದನಿ ಒಡೆಯಿತು. "ಬಂದು, ಕೆಂಡ ನೋಡ್ಕೊಂಡು ವಾಪಸ್ ಹೋಗ್ತೀನಿ. ಧೈರ್ಯ ನಿಮಗಿತ್ತು, ನನಗಿರಲಿಲ್ಲ. ಮನಸ್ಸಿದೆ ಕಣ್ರೀ... ತುಂಬಾ ಇದೆ."

ಒಳಕೋಣೆಯಿಂದ ಮೊರ ಕೆಳಗಿಟ್ಟ ಸದ್ದು.

"ನಾಳೆಯವರಿಗೆ ನಾನೇ ಫೋನ್ ಮಾಡ್ತೀನಮ್ಮಾ! ಕೈ ಮುಗಿತೀನಿ, ಇನ್ಮೇಲಾದ್ರೂ ಬಾಯಿಬಿಟ್ಟು ಮಾತಾಡಿ!"

ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕೋಣೆ ತುಂಬ ಬೆಚ್ಚನೆಯ ಘಮ ತೇಲುತ್ತಿತ್ತು.

"ಇನ್ನೂ 'ನೀವು' ಅಂತಾನೇ ಅನ್ನಬೇಕಾ?" ಅವನು ಮೆಲ್ಲಗೆ ಕೇಳಿದ.

"ಮತ್ತೇನನ್ನಲಿ?"

"ನೀನು ಅನ್ನು."

ಅವಳ ತುಟಿ ಎರಡು ಸಲ ಅಲುಗಿತು, ಮಾತು ಹೊರಬರಲಿಲ್ಲ. ಮೂರನೆಯ ಸಲ ಬಂತು.

"ನೀನು... ಕೂತ್ಕೋ. ನೀರು ಕಾಯೋಕಿಡ್ತೀನಿ."

"ಬೇಡ, ನೀನೇ ಕೂತ್ಕೋ," ಎಂದು ಅವನು ಎದ್ದ. "ಇವತ್ತು ನಾನು ಇಡ್ತೀನಿ."