ಹಸಿ ಗೋಧಿಯ ಲಾರಿ

"ಹದಿಮೂರೂವರೆ. ಒಣಗಿಲ್ಲ, ವಾಪಸ್ ತಗೊಂಡು ಹೋಗು."

ಕಣಜದ ಬಾಗಿಲಲ್ಲಿ ಗೋಧಿಯ ತೇವ ಅಳೆಯುವ ರೊವೀನಾ ಅಟ್ಟಣಿಗೆಯ ಮೇಲಿಂದಲೇ ತೀರ್ಪು ಕೊಟ್ಟಳು. ಹೆಡ್ಲಿ ಲಾರಿಯ ಕಿಟಕಿಯಿಂದ ತಲೆ ಹೊರಹಾಕಿ ನಕ್ಕ.

"ಇನ್ನೊಂದ್ಸಲ ನೋಡು ತಾಯಿ. ನಿನ್ನ ಮಿಷನ್ನಿಗೇ ಬಾಯಾರಿಕೆ ಆಗಿರ್ಬೇಕು."

ವಾರದಲ್ಲಿ ಇದು ಮೂರನೇ ಸಲ. ತೇವ ಶೇಕಡಾ ಹನ್ನೆರಡೂವರೆ ದಾಟಿದ ಗೋಧಿಯನ್ನು ಕಣಜ ಮುಟ್ಟುವುದಿಲ್ಲವೆಂದು ಮಿನ್ಯಾರ ಊರಿನ ಕೂಸಿಗೂ ಗೊತ್ತು. ಹೆಡ್ಲಿಯದೋ ಕಾಳನ್ನು ಹಲ್ಲಲ್ಲಿ ಕಡಿದೇ ತೇವ ಹೇಳುವ ಮನೆತನ. ಅವನ ಮುತ್ತಜ್ಜ ಬಂದಾಗ ಇಲ್ಲಿ ಕುರುಚಲು ಕಾಡು ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ ರೈಲು ಬಂತು, ಗೋಧಿ ಬಂತು, ಬ್ಯಾಂಕು, ಶಾಲೆ, ಎರಡು ಹೋಟೆಲು ಬಂದವು. ಬಂದದ್ದೆಲ್ಲ ಒಂದೊಂದೇ ಮುಚ್ಚಿ, ಉಳಿದದ್ದು ಒಂದು ಹೋಟೆಲು, ಒಂದು ಕಣಜ. ಸುಗ್ಗಿ ಮುಗಿದರೆ ಕಂಪನಿ ಕಣಜಕ್ಕೂ ಬೀಗ ಹಾಕುತ್ತದೆ. ರೊವೀನಾಗೆ ದೂರದ ಜೀಲಾಂಗ್ ಬಂದರಿನಲ್ಲಿ ಕೆಲಸ ಸಿಕ್ಕಿತ್ತು, ಸೋಮವಾರ ಉತ್ತರ ಕೊಡಬೇಕು. ಲಾರಿಯಲ್ಲಿ ಕೂತ ಈ ಪ್ರಾಣಿ ಬಾಯಿಬಿಟ್ಟು ಒಂದು ಮಾತು ಹೇಳಿದರೆ ಹೋಗುವ ಮನಸ್ಸು ಅವಳಿಗೆ ಎಳ್ಳಷ್ಟೂ ಇರಲಿಲ್ಲ.

"ಇಬ್ಬನಿ ಆರೋ ಮುಂಚೆ ಕೊಯ್ದು ತಂದಿದ್ದೀಯ. ಗೊತ್ತಿದ್ದೂ ಯಾಕೆ?"

"ಒಣಗಿದ್ದು ತಂದ್ರೆ ಎರಡೇ ನಿಮಿಷಕ್ಕೆ ಕಳಿಸಿಬಿಡ್ತೀಯಲ್ಲ."

ಅವಳ ಕಿವಿ ಕೆಂಪಾಯಿತು. ಇಲ್ಲಿ ನಡುಬೇಸಿಗೆಯಾದ ಡಿಸೆಂಬರಿನ ಬಿಸಿಲಿಗೆ ಎಂದುಕೊಳ್ಳಲಿ ಎಂದು ಟೋಪಿ ಸರಿಪಡಿಸಿಕೊಂಡಳು.

ಹೆಡ್ಲಿ ಗಂಟಲು ಸರಿಮಾಡಿಕೊಂಡ. "ನಿನ್ನೆ ರೈತರೆಲ್ಲ ಸೇರಿದ್ವಿ. ಕಣಜ ನಾವೇ ಕೊಂಡ್ಕೊಳ್ತೀವಿ. ನಡೆಸೋಕೆ ನೀನೇ ಬೇಕಂತೆ."

"ಯಾರಿಗೆ?"

"ಊರಿಗೆ."

"ಊರಿಗೆ ಬೇಕಾದ್ರೆ ಊರು ಬೇರೆಯವರನ್ನ ಹುಡುಕ್ಕೊಳ್ಳಲಿ. ನಾನು ಜೀಲಾಂಗಿಗೆ ಹೋಗ್ತೀನಿ."

ಹೇಳಿ, ಕಣ್ಣು ತಗ್ಗಿಸದೆ ಅವನನ್ನೇ ನೋಡಿದಳು. ಅವನು ಹೇಳಿಯೇ ಹೇಳುತ್ತಾನೆಂಬ ಧೈರ್ಯ ಅವಳಿಗಿತ್ತು.

ಹಿಂದಿನ ಲಾರಿಯ ಮುದುಕ ಆಲ್ವಿನ್ ಹಾರ್ನ್ ಬಾರಿಸಿದ. "ಲೋ ಹೆಡ್ಲಿ, ಹೇಳೋದನ್ನ ಹೇಳಿ ಮುಗಿಸೋ! ನನ್ನ ಗೋಧಿ ಇಲ್ಲೇ ಮೊಳಕೆ ಒಡೀತದೆ!"

ಹೆಡ್ಲಿ ಲಾರಿಯಿಂದಿಳಿದು ಅಟ್ಟಣಿಗೆಯ ಮೆಟ್ಟಿಲು ಹತ್ತಿದ. ಸಾಲಿನಲ್ಲಿದ್ದ ಏಳೂ ಲಾರಿಗಳ ಕಿಟಕಿ ಇಳಿದವು.

"ನನಗೆ ಬೇಕು," ಎಂದ, ಎಲ್ಲರಿಗೂ ಕೇಳುವಂತೆ. "ಕಣಜ ಮುಚ್ಚಿದ್ರೂ ಬೇಕು. ನೀನಿಲ್ಲದ ಊರು ನನಗೂ ಬೇಡ ರೊವೀನಾ. ನಿನ್ನನ್ನ ಪ್ರೀತಿಸ್ತೀನಿ."

ಯಾರೂ ಹಾರ್ನ್ ಬಾರಿಸಲಿಲ್ಲ. ರೊವೀನಾ ಧೂಳು ಮೆತ್ತಿದ ಅವನ ಕೈ ಹಿಡಿದಳು. ಎಷ್ಟು ದಿನದಿಂದ ಹಿಡಿಯಬೇಕೆಂದಿದ್ದಳೋ, ಗಟ್ಟಿಯಾಗಿಯೇ ಹಿಡಿದಳು.

"ಇರ್ತೀನಿ," ಎಂದಳು. "ಕಣಜದ ಮಾತು ಊರಿಗೆ ಸೋಮವಾರ ಹೇಳ್ತೀನಿ. ಇದು ನಿನಗೆ ಹೇಳಿದ್ದು."